ರಾಜೀನಾಮೆ ಬರೆಸಿಕೊಂಡರೆ ಉಳಿಯುವುದೆಷ್ಟು, ಹೋಗುವುದೆಷ್ಟು?

ಪ್ರಶ್ನೆ: ನಮ್ಮದು ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ, ಕರ್ನಾಟಕದಲ್ಲೇ ಇದೆ. ಹಾಜರಿ ಪುಸ್ತಕದಲ್ಲಿ 80 ಕಾರ್ಮಿಕರಿದ್ದಾರೆ. ಆರು ತಿಂಗಳಿಂದ ಆರ್ಡರ್ ಅರ್ಧಕ್ಕಿಳಿದಿದೆ. 20 ಜನರನ್ನು ಕಡಿಮೆ ಮಾಡದೆ ದಾರಿ ಕಾಣುತ್ತಿಲ್ಲ. "ಎಲ್ಲರ ಹತ್ತಿರ ರಾಜೀನಾಮೆ ಬರೆಸಿಕೊಂಡು, ಒಂದು ತಿಂಗಳ ಸಂಬಳ ಕೈಗಿಟ್ಟು ಕಳಿಸಿಬಿಡಿ, ತಲೆನೋವು ಇರಲ್ಲ" ಎನ್ನುತ್ತಾರೆ ನಮ್ಮ ಲೆಕ್ಕಪತ್ರ ನೋಡುವವರು. ಅವರಲ್ಲಿ ಏಳೆಂಟು ವರ್ಷ ದುಡಿದವರೂ ಇದ್ದಾರೆ. ಕಾನೂನಿನಂತೆ ನಾವೇನು ಮಾಡಬೇಕು? ಅವರಿಗೆ ಏನೇನು ಸಿಗುತ್ತದೆ?

ಉತ್ತರ: ರಾಜೀನಾಮೆ ಮಾತ್ರ ಬರೆಸಿಕೊಳ್ಳಬೇಡಿ. ನಿಮಗೆ ಸಿಕ್ಕ ಸಲಹೆ ತುಂಬ ಕಡೆ ನಡೆಯುತ್ತಿರುವುದೇ, ಆದರೆ ಅದರಿಂದಾಗುವ ನಷ್ಟ ಎಷ್ಟೆಂದು ಕೊಡುವವರಿಗೂ ತಿಳಿದಿರುವುದಿಲ್ಲ, ಸಹಿ ಹಾಕುವವರಿಗೂ ತಿಳಿದಿರುವುದಿಲ್ಲ. ಕೆಲಸ ಹೋದವರಿಗೆ ನಮ್ಮ ದೇಶದಲ್ಲಿ ಇರುವ ಆಸರೆಯೇ ಕಡಿಮೆ. ಇರುವ ಆ ಸ್ವಲ್ಪವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಕಾರ್ಮಿಕ ತಾನಾಗಿ ಬಿಟ್ಟನೋ, ಮಾಲೀಕರು ತೆಗೆದರೋ? "ವೈಯಕ್ತಿಕ ಕಾರಣಗಳಿಗಾಗಿ" ಎಂಬ ಎರಡು ಪದದ ರಾಜೀನಾಮೆ ಆ ಬಾಗಿಲುಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಕಾನೂನಿನ ಬಗ್ಗೆ ಮೊದಲು ಎರಡು ಮಾತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವೇತನ, ಸಾಮಾಜಿಕ ಭದ್ರತೆ ಮುಂತಾದ ಉಳಿದ ಮೂರು ಸಂಹಿತೆಗಳ ಜೊತೆ ಇದೂ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಂಹಿತೆಗೆ ವಿರುದ್ಧವಾಗಿರದ ಹಳೆಯ ನಿಯಮಗಳು ಈ ಬದಲಾವಣೆಯ ಕಾಲದಲ್ಲಿ ಮುಂದುವರಿಯುತ್ತವೆ. ಹಾಗಾಗಿ ಯಾವ ನಮೂನೆಯಲ್ಲಿ ನೋಟಿಸ್ ಕೊಡಬೇಕು ಎಂಬುದನ್ನು ಮಾತ್ರ ನಿಮ್ಮ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಮೂಲ ತತ್ವಗಳು ಹೆಚ್ಚೇನೂ ಬದಲಾಗಿಲ್ಲ. ದೊಡ್ಡ ಬದಲಾವಣೆ ಎಂದರೆ, ಸರ್ಕಾರದ ಪೂರ್ವಾನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ನಿಮ್ಮಲ್ಲಿ 80 ಜನ ಇರುವುದರಿಂದ ಅನುಮತಿ ಬೇಕಿಲ್ಲ. ನೋಟಿಸ್ ಮತ್ತು ಪರಿಹಾರ ಬೇಕೇ ಬೇಕು.

ತೆಗೆಯುವ ಮೊದಲು ಲೇ-ಆಫ್ ಯೋಚಿಸಿ

ಮಾತಿನಲ್ಲಿ ನಾವು ಎಲ್ಲದಕ್ಕೂ ಲೇ-ಆಫ್ ಎನ್ನುತ್ತೇವೆ. ಕಾನೂನಿನಲ್ಲಿ ಲೇ-ಆಫ್ ಎಂದರೆ ತಾತ್ಕಾಲಿಕ: ಕಚ್ಚಾ ಸಾಮಗ್ರಿ ಇಲ್ಲ, ವಿದ್ಯುತ್ ಇಲ್ಲ, ಯಂತ್ರ ಕೆಟ್ಟಿದೆ, ಮಾಲು ರಾಶಿ ಬಿದ್ದಿದೆ ಎಂಬಂಥ ಕಾರಣಕ್ಕೆ ಕೆಲಸ ಕೊಡಲಾಗದಿರುವುದು. ಆಗ ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. ರಿಟ್ರೆಂಚ್‌ಮೆಂಟ್ ಎಂದರೆ ಶಾಶ್ವತವಾಗಿ ತೆಗೆಯುವುದು. ನಿಮ್ಮ ಆರ್ಡರ್ ಮುಂದಿನ ಮೂರು ನಾಲ್ಕು ತಿಂಗಳಲ್ಲಿ ಚೇತರಿಸಿಕೊಳ್ಳುವ ನಿಜವಾದ ಸೂಚನೆ ಇದ್ದರೆ ಮೊದಲನೆಯದೇ ಸರಿಯಾದ ದಾರಿ. ನುರಿತ ಆಪರೇಟರ್‌ನನ್ನು ಕಳೆದುಕೊಂಡು ಆಮೇಲೆ ಹೊಸಬನನ್ನು ತಂದು ತಯಾರು ಮಾಡುವ ಖರ್ಚು ಯಾವ ಲೆಕ್ಕಪುಸ್ತಕದಲ್ಲೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಉತ್ಪಾದನೆ ಮತ್ತೆ ಏರುವಾಗ ರಿಜೆಕ್ಷನ್ ಲೆಕ್ಕದಲ್ಲಿ ಕಾಣುತ್ತದೆ.

ಹಿಂದಿನ ಕ್ಯಾಲೆಂಡರ್ ತಿಂಗಳಲ್ಲಿ ದಿನಕ್ಕೆ ಸರಾಸರಿ 50 ಅಥವಾ ಹೆಚ್ಚು ಕಾರ್ಮಿಕರಿದ್ದ, ಹಂಗಾಮಿನದ್ದಲ್ಲದ ಕಾರ್ಖಾನೆಗಳಲ್ಲಿ, ಒಂದು ವರ್ಷ ನಿರಂತರ ಸೇವೆ ಮುಗಿಸಿದ ಕಾರ್ಮಿಕನಿಗೆ ಲೇ-ಆಫ್ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಮಧ್ಯೆ ಬರುವ ವಾರದ ರಜೆಗೆ ಕೊಡಬೇಕಿಲ್ಲ. ಬದಲಿ ಕಾರ್ಮಿಕರಿಗೆ ಮತ್ತು ಕ್ಯಾಶುವಲ್ ಕಾರ್ಮಿಕರಿಗೆ ಇದು ಅನ್ವಯಿಸುವುದಿಲ್ಲ. 12 ತಿಂಗಳಲ್ಲಿ 45 ದಿನ ದಾಟಿದ ಮೇಲೆ, ಮೊದಲೇ ಒಪ್ಪಂದ ಇದ್ದರೆ, ಮುಂದಿನ ದಿನಗಳಿಗೆ ಪರಿಹಾರ ನಿಲ್ಲಿಸಬಹುದು. ಆ ಹಂತದಲ್ಲಿ ಕಾನೂನಿನಂತೆ ರಿಟ್ರೆಂಚ್ ಮಾಡುವ ಹಕ್ಕೂ ಮಾಲೀಕರಿಗಿದೆ. ಹಾಗೆ ಮಾಡಿದರೆ ಹಿಂದಿನ 12 ತಿಂಗಳಲ್ಲಿ ಕೊಟ್ಟ ಲೇ-ಆಫ್ ಪರಿಹಾರವನ್ನು ರಿಟ್ರೆಂಚ್‌ಮೆಂಟ್ ಪರಿಹಾರದಲ್ಲಿ ಮುರಿದುಕೊಳ್ಳಬಹುದು. ಅಂದರೆ ಲೇ-ಆಫ್‌ಗೆ ಕೊಟ್ಟ ಹಣ ನಿಮಗೆ ಪೂರ್ತಿ ನಷ್ಟವಲ್ಲ, ಎರಡು ತಿಂಗಳ ಸಮಯ ಕೊಂಡುಕೊಂಡಂತೆ.

ಇದರಲ್ಲಿ ಎಡವುವುದು ಹಾಜರಿಯ ವಿಷಯದಲ್ಲಿ. ಲೇ-ಆಫ್ ಆದ ಕಾರ್ಮಿಕ ಪ್ರತಿ ಕೆಲಸದ ದಿನ ಗೊತ್ತುಪಡಿಸಿದ ಹೊತ್ತಿಗೆ ಒಮ್ಮೆ ಬಂದು ಹಾಜರಿ ಹಾಕಬೇಕು. ಬರದಿದ್ದರೆ ಆ ದಿನದ ಅರ್ಧ ಸಂಬಳ ಕೇಳುವಂತಿಲ್ಲ. ಮಾಲೀಕರೂ ಅಷ್ಟೇ, ಬಂದು ನಿಂತವನಿಗೆ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಅಂದು ಆತ ಲೇ-ಆಫ್ ಆದಂತೆ ಲೆಕ್ಕ. ಗೇಟಿನಲ್ಲಿ ಸೆಕ್ಯುರಿಟಿಯವರು "ನಾಳೆ ಬನ್ನಿ" ಎಂದು ವಾಪಸು ಕಳಿಸಿ ಪುಸ್ತಕದಲ್ಲಿ ಗೈರುಹಾಜರಿ ಬರೆದರೆ ಮುಂದೆ ಜಗಳ ಕಟ್ಟಿಟ್ಟದ್ದು. ಹಾಗಾಗಿ ಲೇ-ಆಫ್‌ಗೆ ಪ್ರತ್ಯೇಕ ಹಾಜರಿ ಪಟ್ಟಿ ಇಡಿ, ಸಹಿ ಪಡೆಯಿರಿ. ಲೇ-ಆಫ್ ಪರಿಹಾರಕ್ಕೂ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟಬೇಕು ಎಂಬುದನ್ನೂ ನೆನಪಿಡಿ. ಆ ದಿನಗಳನ್ನು ಸೊನ್ನೆ ಎಂದು ತೋರಿಸಿದರೆ ಕಾರ್ಮಿಕನ ವಂತಿಗೆ ದಿನಗಳು ಕಡಿಮೆಯಾಗುತ್ತವೆ. ಅದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಮುಂದೆ ಹೇಳುತ್ತೇನೆ.

80 ಜನರಲ್ಲಿ ಅದೇ 20 ಮಂದಿಯನ್ನು ಕೂರಿಸುವ ಬದಲು ವಾರಕ್ಕೊಂದು ತಂಡದಂತೆ ಸರದಿಯಲ್ಲಿ ಲೇ-ಆಫ್ ಕೊಟ್ಟರೆ ಹೊರೆ ಎಲ್ಲರ ಮೇಲೂ ಹಂಚಿಹೋಗುತ್ತದೆ. ಸಂಘ ಇದ್ದರೆ ಅವರೊಡನೆ, ಇಲ್ಲದಿದ್ದರೆ ಕಾರ್ಮಿಕರೊಡನೆ ಕೂತು ಮಾತಾಡಿ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಓವರ್‌ಟೈಮ್ ನಿಲ್ಲಿಸುವುದು, ಹೊಸ ನೇಮಕ ತಡೆಯುವುದು, ಬಾಕಿ ಗಳಿಕೆ ರಜೆ ತೆಗೆದುಕೊಳ್ಳಲು ಹೇಳುವುದು, ಇವೆಲ್ಲ ಇದಕ್ಕೂ ಮೊದಲು ಆಗಬೇಕಾದವು. ಒಂದು ಕಡೆ ಓವರ್‌ಟೈಮ್ ನಡೆಯುತ್ತಿರುವಾಗ ಇನ್ನೊಂದು ಕಡೆ "ಕೆಲಸವಿಲ್ಲ" ಎಂದರೆ ಯಾವ ಅಧಿಕಾರಿಯೂ ನಂಬುವುದಿಲ್ಲ.

ಇನ್ನೊಂದು ಸಂಗತಿ. ಎಷ್ಟೋ ಸಣ್ಣ ಘಟಕಗಳಲ್ಲಿ ನಿಜವಾದ ತೊಂದರೆ ಆರ್ಡರ್ ಅಲ್ಲ, ಮಾಲು ತೆಗೆದುಕೊಂಡವರು ದುಡ್ಡು ಕೊಡದಿರುವುದು. ನಿಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾದರೆ, 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ದೊಡ್ಡ ಗ್ರಾಹಕರ ಮೇಲೆ ದೂರು ಹಾಕಲು ಹಿಂಜರಿಕೆ ಆಗುವುದು ಸಹಜ. ಕೊನೇ ಪಕ್ಷ ಆ ಬಿಲ್‌ಗಳನ್ನು ಟಿಆರ್‌ಇಡಿಎಸ್ ಎಂಬ, ಬಾಕಿ ಬಿಲ್‌ಗಳಿಗೆ ಮೊದಲೇ ಹಣ ಸಿಗುವ ಆನ್‌ಲೈನ್ ವೇದಿಕೆಯಲ್ಲಿ ಮುರಿಸಿಕೊಳ್ಳಲು ಆಗುತ್ತದೆಯೇ ನೋಡಿ. ಬರಬೇಕಾದ ಹಣ ಹೊರಗೆ ನಿಂತಿರುವಾಗ 20 ಮನೆಗಳ ಸಂಬಳ ನಿಲ್ಲಿಸುವುದು ಕೊನೆಯ ಹೆಜ್ಜೆಯಾಗಬೇಕು.

ಲೆಕ್ಕ ಹಾಕಿ ನೋಡೋಣ

ಇಷ್ಟಾದರೂ ತೆಗೆಯಲೇಬೇಕಾದರೆ ಖರ್ಚೆಷ್ಟು? ಸಂಹಿತೆಯ ಪ್ರಕಾರದ ವೇತನ ತಿಂಗಳಿಗೆ 18,000 ರೂಪಾಯಿ, ಸೇವೆ 7 ವರ್ಷ 8 ತಿಂಗಳು ಇರುವ ಒಬ್ಬ ಕಾರ್ಮಿಕನನ್ನು ತೆಗೆದುಕೊಳ್ಳಿ. ಆರು ತಿಂಗಳು ಮೀರಿದ ಭಾಗ ಪೂರ್ತಿ ವರ್ಷವಾಗುತ್ತದೆ, ಹಾಗಾಗಿ 8 ವರ್ಷ.

ನೋಟಿಸ್: ಕಾರಣ ಬರೆದು ಒಂದು ತಿಂಗಳ ಮುಂಚೆ ಕೊಡಬೇಕು, ಇಲ್ಲವೇ ಒಂದು ತಿಂಗಳ ವೇತನ, 18,000.

ರಿಟ್ರೆಂಚ್‌ಮೆಂಟ್ ಪರಿಹಾರ: ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ. ತಿಂಗಳ ಸಂಬಳದವರಿಗೆ ಇದು ಅರ್ಧ ತಿಂಗಳು. 9,000 × 8 = 72,000.

ಗ್ರಾಚ್ಯುಟಿ (ದೀರ್ಘ ಸೇವೆಗಾಗಿ ಕೊಡುವ ಇಡುಗಂಟು): ಇಲ್ಲಿ ತಿಂಗಳಿಗೆ 26 ದಿನ ಎಂದು ಹಿಡಿಯುತ್ತಾರೆ. 18,000 × 15 ÷ 26 × 8 = 83,077.

ಮರುಕೌಶಲ ನಿಧಿ (ಕೆಲಸ ಹೋದವರು ಹೊಸ ಕೌಶಲ ಕಲಿಯಲೆಂದು ಇರುವುದು): ಕೊನೆಯ ವೇತನದ 15 ದಿನದ ಮೊತ್ತ, 9,000.

ಒಟ್ಟು 1,82,077. ಇದರ ಮೇಲೆ ಬಾಕಿ ಸಂಬಳ, ಉಳಿದ ಗಳಿಕೆ ರಜೆಯ ಹಣ, ಬಾಕಿ ಬೋನಸ್.

ರಿಟ್ರೆಂಚ್‌ಮೆಂಟ್ ಪರಿಹಾರವನ್ನು 26ರಿಂದ ಭಾಗಿಸುವುದು, ಗ್ರಾಚ್ಯುಟಿಯನ್ನು 30ರಿಂದ ಭಾಗಿಸುವುದು, ಎರಡೂ ಸಾಮಾನ್ಯವಾಗಿ ಆಗುವ ತಪ್ಪು. ಎರಡನೆಯದರಿಂದ ಕಾರ್ಮಿಕನಿಗೆ ಈ ಉದಾಹರಣೆಯಲ್ಲೇ 11,077 ರೂಪಾಯಿ ಕಡಿಮೆ ಹೋಗುತ್ತದೆ. ಇನ್ನೊಂದು ತಪ್ಪು, ಬೇಸಿಕ್ ಅನ್ನು ಬೇಕೆಂದೇ ಚಿಕ್ಕದಾಗಿಟ್ಟು ಅದರ ಮೇಲೆ ಮಾತ್ರ ಲೆಕ್ಕ ಹಾಕುವುದು. ಹೊಸ ಸಂಹಿತೆಗಳಲ್ಲಿ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮೊದಲಾದ ಹೊರಗಿಟ್ಟ ಭಾಗಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕು.

ಮರುಕೌಶಲ ನಿಧಿ ಹೊಸದು, ಹಲವರಿಗೆ ಇದು ಇರುವುದೇ ಗೊತ್ತಿಲ್ಲ. ಮಾಲೀಕರು ಸರ್ಕಾರದ ನಿಧಿಗೆ ಕಟ್ಟಬೇಕು. ರಿಟ್ರೆಂಚ್ ಆದ 45 ದಿನದೊಳಗೆ ಆ ಹಣ ಕಾರ್ಮಿಕನ ಖಾತೆಗೆ ಜಮಾ ಆಗಬೇಕು. ಬರದಿದ್ದರೆ ಕಾರ್ಮಿಕ ಅಧಿಕಾರಿಗೆ ಬರಹದಲ್ಲಿ ಕೇಳುವ ಹಕ್ಕು ಕಾರ್ಮಿಕನಿಗಿದೆ.

ಈಗ ನಿಮ್ಮ ಲೆಕ್ಕಪತ್ರದವರ ಸಲಹೆಯನ್ನು ಪಕ್ಕಕ್ಕಿಟ್ಟು ನೋಡಿ. ರಾಜೀನಾಮೆ ಕೊಟ್ಟರೂ ಐದು ವರ್ಷ ಮುಗಿಸಿದವನಿಗೆ ಗ್ರಾಚ್ಯುಟಿ ತಪ್ಪುವುದಿಲ್ಲ. ಒಂದು ತಿಂಗಳ ಸಂಬಳ ಅವರೇ ಕೊಡಿ ಎನ್ನುತ್ತಿದ್ದಾರೆ. ಹಾಗಾಗಿ ನಿಮಗೆ ನಿಜವಾಗಿ ಉಳಿಯುವುದು 72,000 ಮತ್ತು 9,000, ಒಟ್ಟು 81,000. ಆತನಿಗೆ ಹೋಗುವುದೆಷ್ಟು? ಆ 81,000 ಹೋಯಿತು. ಅದರ ಜೊತೆಗೆ ಇಎಸ್‌ಐನ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ನಿರುದ್ಯೋಗ ಭತ್ಯೆ ಹೋಯಿತು. ಅದು ಮೊದಲ 12 ತಿಂಗಳು ವೇತನದ ಶೇ 50, ಮುಂದಿನ 12 ತಿಂಗಳು ಶೇ 25. ಎರಡು ವರ್ಷ ಕೆಲಸ ಸಿಗದಿದ್ದರೆ 1,08,000 ಮತ್ತು 54,000, ಸೇರಿ 1,62,000 ರೂಪಾಯಿ. ನೀವು ಉಳಿಸುವ ಪ್ರತಿ ಒಂದು ರೂಪಾಯಿಗೆ ಆತ ಮೂರು ರೂಪಾಯಿ ಕಳೆದುಕೊಳ್ಳಬಹುದು. ಅದರಲ್ಲಿ ಎರಡು ರೂಪಾಯಿ ಇಎಸ್‌ಐ ಕೊಡುವಂಥದ್ದು, ನಿಮ್ಮ ಜೇಬಿನಿಂದ ಬರುವುದೇ ಅಲ್ಲ. ನೀವೂ ಆತನೂ ಇಷ್ಟು ವರ್ಷ ಕಟ್ಟಿದ ವಂತಿಗೆಯ ಫಲ ಅದು.

ನಿಮಗೂ ಅಪಾಯ ಇಲ್ಲದಿಲ್ಲ. ಒಂದೇ ದಿನ, ಒಂದೇ ಒಕ್ಕಣೆಯಲ್ಲಿ, ಒಂದೇ ಪ್ರಿಂಟರ್‌ನಿಂದ ಬಂದ 20 ರಾಜೀನಾಮೆಗಳನ್ನು ನೋಡಿದ ಯಾವ ನ್ಯಾಯಮಂಡಳಿಗೂ ಅವು ಸ್ವಇಚ್ಛೆಯವು ಎನಿಸುವುದಿಲ್ಲ. ಬಲವಂತದ ರಾಜೀನಾಮೆ ಎಂದು ಸಾಬೀತಾದರೆ ಅದು ಪರಿಹಾರ ಕೊಡದೆ ಮಾಡಿದ ರಿಟ್ರೆಂಚ್‌ಮೆಂಟ್ ಆಗುತ್ತದೆ. ಆಗ ಮರುನೇಮಕ ಮತ್ತು ಹಿಂಬಾಕಿ ವೇತನ, ಇಲ್ಲವೇ ದೊಡ್ಡ ಮೊತ್ತದ ಪರಿಹಾರ.

ಪಟ್ಟಿ, ಪತ್ರ, ಹಣ

ಯಾರನ್ನು ತೆಗೆಯಬೇಕು ಎಂಬುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಆಯಾ ವರ್ಗದಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. 80 ಜನರದ್ದೂ ಸೇರಿಸಿ ಒಂದೇ ಪಟ್ಟಿ ಮಾಡಬೇಡಿ. ಹೆಲ್ಪರ್, ಪ್ರೆಸ್ ಆಪರೇಟರ್, ಟರ್ನರ್, ಪ್ಯಾಕಿಂಗ್ ಎಂದು ವರ್ಗವಾರು ಜ್ಯೇಷ್ಠತಾ ಪಟ್ಟಿ ಮಾಡಿ, ಸೇರಿದ ದಿನಾಂಕ ಹಾಕಿ, ಕನಿಷ್ಠ 7 ದಿನ ಮೊದಲು ಸೂಚನಾ ಫಲಕದಲ್ಲಿ ಅಂಟಿಸಿ. ಯಾರಾದರೂ "ನನ್ನ ದಿನಾಂಕ ತಪ್ಪಾಗಿದೆ" ಎಂದರೆ ಆ ವಾರದಲ್ಲೇ ಸರಿಪಡಿಸಬಹುದು. ಕಿರಿಯನನ್ನು ಉಳಿಸಿಕೊಂಡು ಹಿರಿಯನನ್ನು ಬಿಡಲೇಬೇಕಾದರೆ ಕಾರಣವನ್ನು ದಾಖಲಿಸಬೇಕು. ಸಿಎನ್‌ಸಿ ಯಂತ್ರ ನಡೆಸಬಲ್ಲವನು ಇವನೊಬ್ಬನೇ ಎಂಬಂಥ, ದಾಖಲೆಯಲ್ಲಿ ತೋರಿಸಬಹುದಾದ ಕಾರಣ ಇರಲಿ. "ಸಂಘದಲ್ಲಿ ಓಡಾಡುತ್ತಾನೆ" ಎಂಬುದು ಕಾರಣವೇ ಅಲ್ಲ. ಹೆರಿಗೆ ರಜೆಯಲ್ಲಿರುವ ಮಹಿಳೆಯನ್ನು ಆ ಅವಧಿಯಲ್ಲಿ ತೆಗೆಯುವುದೂ ಕಾನೂನುಬಾಹಿರ.

12 ತಿಂಗಳಲ್ಲಿ 240 ದಿನ ಕೆಲಸ ಮಾಡಿದವನು ಒಂದು ವರ್ಷದ ನಿರಂತರ ಸೇವೆ ಮುಗಿಸಿದಂತೆ. ಲೇ-ಆಫ್ ದಿನಗಳು, ಸಂಬಳ ಸಹಿತ ರಜೆ, ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದ ದಿನಗಳು ಕೂಡ ಇದರಲ್ಲಿ ಸೇರುತ್ತವೆ. ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಎರಡು ದಿನ ಬಿಡಿಸಿ ಮತ್ತೆ ಸೇರಿಸಿಕೊಂಡ ಲೆಕ್ಕಾಚಾರ ಇದರ ಮುಂದೆ ನಿಲ್ಲುವುದಿಲ್ಲ.

ನೋಟಿಸ್‌ನಲ್ಲಿ "ಆರ್ಥಿಕ ಕಾರಣ" ಎಂದಷ್ಟೇ ಬರೆದರೆ ಸಾಲದು. ಹೀಗಿರಲಿ: "2 ಮತ್ತು 3ನೇ ಪ್ರೆಸ್ ಲೈನ್‌ಗಳಿಗೆ ಬರುತ್ತಿದ್ದ ಆರ್ಡರ್ ಆರು ತಿಂಗಳಲ್ಲಿ ಅರ್ಧಕ್ಕಿಳಿದಿರುವುದರಿಂದ ಹೆಲ್ಪರ್ ವರ್ಗದಲ್ಲಿ ಏಳು ಹುದ್ದೆಗಳು ಹೆಚ್ಚುವರಿಯಾಗಿವೆ. ಜ್ಯೇಷ್ಠತಾ ಪಟ್ಟಿಯಂತೆ ನಿಮ್ಮನ್ನು ಇಂಥ ದಿನಾಂಕದಿಂದ ರಿಟ್ರೆಂಚ್ ಮಾಡಲಾಗುತ್ತಿದೆ. ಇದು ಶಿಸ್ತುಕ್ರಮವಲ್ಲ." ಆ ಕೊನೆಯ ವಾಕ್ಯ ಬಿಡಬೇಡಿ. ದುರ್ನಡತೆಗಾಗಿ ತೆಗೆದವರಿಗೆ ಇಎಸ್‌ಐ ಭತ್ಯೆ ಇಲ್ಲ, ಇಎಸ್‌ಐ ಶಾಖೆಯವರು ಈ ಪತ್ರವನ್ನೇ ನೋಡುತ್ತಾರೆ. ಪತ್ರ ಕನ್ನಡದಲ್ಲಿರಲಿ. ಒಂದು ಪ್ರತಿಯನ್ನು ನಿಗದಿತ ರೀತಿಯಲ್ಲಿ ಕಾರ್ಮಿಕ ಇಲಾಖೆಗೂ ಕಳಿಸಬೇಕು.

ಹಣದ ವಿಷಯದಲ್ಲಿ ಬಹಳಷ್ಟು ಪ್ರಕರಣಗಳು ಬೀಳುವುದು ಒಂದೇ ಕಡೆ: ಪರಿಹಾರವನ್ನು "ರಿಟ್ರೆಂಚ್ ಮಾಡುವ ಸಮಯದಲ್ಲೇ" ಕೊಡಬೇಕು. "ಮುಂದಿನ ತಿಂಗಳು ಬಂದು ಚೆಕ್ ತೆಗೆದುಕೊಂಡು ಹೋಗಿ" ಎಂದರೆ ರಿಟ್ರೆಂಚ್‌ಮೆಂಟೇ ಅಸಿಂಧು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕೊನೆಯ ದಿನ ಬೆಳಿಗ್ಗೆಯೇ ಬ್ಯಾಂಕ್ ಖಾತೆಗೆ ಹಾಕಿ, ಲೆಕ್ಕದ ಹಾಳೆಯನ್ನು ಕೈಗೆ ಕೊಡಿ. ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಸಲ್ಲಬೇಕು. ಗ್ರಾಚ್ಯುಟಿಗೆ 30 ದಿನ ಇದೆ, ತಡವಾದರೆ ಬಡ್ಡಿ ಸೇರುತ್ತದೆ. 20 ಜನರಿಗೆ ಒಟ್ಟಿಗೆ ಕೊಡುವಷ್ಟು ಹಣ ಕೈಯಲ್ಲಿಲ್ಲದಿದ್ದರೆ, ಎಲ್ಲರಿಗೂ ಅರ್ಧರ್ಧ ಕೊಡುವುದಕ್ಕಿಂತ ಎರಡು ಹಂತ ಮಾಡಿಕೊಂಡು ಪ್ರತಿ ಹಂತದವರಿಗೆ ಪೂರ್ತಿ ಕೊಡಿ.

ನೋಟಿಸ್ ತಿಂಗಳಲ್ಲಿ ನೀವು ಮಾಡಬಹುದಾದ ದೊಡ್ಡ ಸಹಾಯಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಕಾರ್ಖಾನೆಯಲ್ಲೇ ಒಂದು ಮಧ್ಯಾಹ್ನ ಮೇಜು ಹಾಕಿಸಿ, ಒಬ್ಬೊಬ್ಬರ ಆಧಾರ್, ಯುಎಎನ್ (ಪಿಎಫ್ ಸಂಖ್ಯೆ), ಇಎಸ್‌ಐ ವಿಮಾ ಸಂಖ್ಯೆ, ಬ್ಯಾಂಕ್ ಖಾತೆಗಳಲ್ಲಿ ಹೆಸರು ಮತ್ತು ಜನ್ಮದಿನಾಂಕ ಒಂದೇ ರೀತಿ ಇವೆಯೇ ಎಂದು ತಾಳೆ ನೋಡಿಸಿ. ಒಂದು ಕಡೆ ಇನಿಶಿಯಲ್ ಮುಂದಿದ್ದು ಇನ್ನೊಂದು ಕಡೆ ಹಿಂದಿದ್ದರೂ ಕ್ಲೇಮ್ ತಿರುಗಿ ಬರುತ್ತದೆ. ನೀವಿನ್ನೂ ಮಾಲೀಕರಾಗಿರುವಾಗ ತಿದ್ದುಪಡಿ ಸುಲಭ. ಆತ ಹೊರಗೆ ಹೋದ ಮೇಲೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಇಂಟರ್‌ವ್ಯೂಗೆ ಹೋಗಲು ಸಂಬಳ ಸಹಿತ ಬಿಡುವು ಕೊಡಿ. ಯಾವ ಯಂತ್ರ, ಎಷ್ಟು ವರ್ಷ ಎಂದು ವಿವರವಾಗಿ ಬರೆದ ಅನುಭವ ಪತ್ರ ಕೊಡಿ. ಅಕ್ಕಪಕ್ಕದ ಕಾರ್ಖಾನೆಗಳಿಗೆ ನೀವೇ ಒಂದು ಫೋನ್ ಮಾಡಿ.

ಕೆಲಸ ಹೋಗುತ್ತಿರುವವರಿಗೆ

ಇದನ್ನು ನಿಮ್ಮ ಕಾರ್ಮಿಕರೂ ಓದಲಿ ಎಂಬ ಆಸೆಯಿಂದ ಈ ಭಾಗವನ್ನು ನೇರವಾಗಿ ಅವರಿಗೇ ಬರೆಯುತ್ತಿದ್ದೇನೆ.

ಖಾಲಿ ಕಾಗದಕ್ಕೆ, ರಾಜೀನಾಮೆಗೆ ಸಹಿ ಹಾಕಬೇಡಿ. ನೋಟಿಸ್ ಕೊಟ್ಟರೆ ಪಡೆಯಿರಿ, ಬೇಡ ಎನ್ನಬೇಡಿ. ಪ್ರತಿಯ ಮೇಲೆ ನಿಮ್ಮ ಕೈಯಾರೆ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಎಂದು ಬರೆದು ದಿನಾಂಕ ಹಾಕಿ. ಒತ್ತಡದಲ್ಲಿ ರಾಜೀನಾಮೆ ಬರೆದುಕೊಟ್ಟಾಗಿದೆ ಎಂದರೆ ಅಂದೇ ಅಥವಾ ಮರುದಿನವೇ "ಇದು ನನ್ನ ಇಚ್ಛೆಯಿಂದ ಕೊಟ್ಟದ್ದಲ್ಲ, ಹಿಂದಕ್ಕೆ ಪಡೆಯುತ್ತಿದ್ದೇನೆ" ಎಂದು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಹೇಳಿದರೆ ಆ ಮಾತಿಗೆ ತೂಕ ಕಡಿಮೆ. "ಎಲ್ಲ ಲೆಕ್ಕ ಚುಕ್ತಾ" ಎಂಬ ರಸೀದಿಗೆ ಸಹಿ ಹಾಕಿದ್ದರೂ ಧೈರ್ಯ ಕಳೆದುಕೊಳ್ಳಬೇಡಿ, ಕಾನೂನು ಕೊಟ್ಟ ಕನಿಷ್ಠ ಹಕ್ಕು ಸಹಿಯಿಂದ ಅಳಿಸಿಹೋಗುವುದಿಲ್ಲ. ನೇಮಕ ಪತ್ರ, ಸಂಬಳ ಚೀಟಿಗಳು, ಸಂಬಳ ಜಮಾ ಆದ ಬ್ಯಾಂಕ್ ವಿವರ, ಜ್ಯೇಷ್ಠತಾ ಪಟ್ಟಿಯ ಫೋಟೊ, ಪಿಎಫ್ ಪಾಸ್‌ಬುಕ್ ಇವನ್ನೆಲ್ಲ ಕಂಪನಿಯ ಇಮೇಲ್ ಮತ್ತು ಆ್ಯಪ್ ಬಂದ್ ಆಗುವ ಮೊದಲೇ ಇಳಿಸಿಟ್ಟುಕೊಳ್ಳಿ.

ಇಎಸ್‌ಐನಲ್ಲಿ ಎರಡು ಯೋಜನೆಗಳಿವೆ, ಒಂದೇ ಅವಧಿಗೆ ಎರಡೂ ಸಿಗುವುದಿಲ್ಲ. ಕಾರ್ಖಾನೆ ಮುಚ್ಚಿದರೆ ಅಥವಾ ರಿಟ್ರೆಂಚ್ ಮಾಡಿದರೆ, ಮೂರು ವರ್ಷ ಅಥವಾ ಹೆಚ್ಚು ಕಾಲ ವಿಮೆಯಲ್ಲಿದ್ದವರು ಮೇಲೆ ಹೇಳಿದ ರಾಜೀವ್ ಗಾಂಧಿ ಯೋಜನೆಯ ಭತ್ಯೆ ಕೇಳಬಹುದು. ಭತ್ಯೆ ಸಿಗುವಷ್ಟು ಕಾಲ ಕುಟುಂಬಕ್ಕೆ ಇಎಸ್‌ಐ ಚಿಕಿತ್ಸೆಯೂ ಮುಂದುವರಿಯುತ್ತದೆ, ವೃತ್ತಿ ತರಬೇತಿಯ ಶುಲ್ಕವನ್ನೂ ನಿಗಮ ಕೊಡುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಡಯಾಲಿಸಿಸ್ ನಡೆಯುತ್ತಿರುವ ಮನೆಗಳಲ್ಲಿ ಈ ಚಿಕಿತ್ಸೆ ಭತ್ಯೆಗಿಂತ ದೊಡ್ಡದು. ಎರಡನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ, ಜೀವನದಲ್ಲಿ ಒಮ್ಮೆ, ಗರಿಷ್ಠ 90 ದಿನ, ಸರಾಸರಿ ದಿನಗಳಿಕೆಯ ಶೇ 50. ಇದಕ್ಕೆ ಕನಿಷ್ಠ ಎರಡು ವರ್ಷ ವಿಮೆಯ ಕೆಲಸ ಇರಬೇಕು. ಕೆಲಸ ಹೋಗುವ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಎರಡು ವರ್ಷದ ಉಳಿದ ಮೂರು ಅವಧಿಗಳಲ್ಲಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ವಂತಿಗೆ ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್. ಲೇ-ಆಫ್ ದಿನಗಳನ್ನು ಸೊನ್ನೆ ಎಂದು ತೋರಿಸಬಾರದು ಎಂದು ಆಗ ಹೇಳಿದ್ದು ಈ 78ಕ್ಕಾಗಿ. ಎಷ್ಟೋ ಅರ್ಜಿಗಳು ಎಪ್ಪತ್ತು, ಎಪ್ಪತ್ತೈದು ದಿನಕ್ಕೆ ನಿಂತು ಬಿದ್ದುಹೋಗುತ್ತವೆ. ಈ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಈಗ ನಡೆಯುತ್ತಿದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿ ಅರ್ಜಿ ಹಾಕಿ. ಕೆಲಸ ಹೋಗಿ 30 ದಿನವಾದ ಮೇಲೆ ಕ್ಲೇಮ್ ಮಾಡಬಹುದು.

ಪಿಎಫ್ ಬಗ್ಗೆ ಒಂದೇ ವಿನಂತಿ: ಕೈಗೆ ಸಿಗುತ್ತದೆ ಎಂದು ಪೂರ್ತಿ ತೆಗೆಯಬೇಡಿ. ಮೊದಲು ಮಾಲೀಕರು ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸಿದ್ದಾರೆಯೇ ನೋಡಿ. ಮಾಡದಿದ್ದರೆ ಕೊನೆಯ ವಂತಿಗೆಯ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು. 2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯಾದ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ ತೆಗೆದುಕೊಂಡ ತೀರ್ಮಾನದಂತೆ ಕೆಲಸ ಹೋದ ತಕ್ಷಣ ಶೇ 75, ಉಳಿದದ್ದು 12 ತಿಂಗಳ ನಂತರ. ಆದರೆ ರಿಟ್ರೆಂಚ್ ಆದವರು ಪೂರ್ತಿ ಮೊತ್ತಕ್ಕೆ ಕ್ಲೇಮ್ ಮಾಡಬಹುದು. ಇಲ್ಲೂ ಪತ್ರದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ಐದು ವರ್ಷದೊಳಗೆ ತೆಗೆದ ಪಿಎಫ್‌ಗೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಕಂಪನಿ ಮುಚ್ಚಿದ್ದರಿಂದ ಅಥವಾ ನಿಮ್ಮ ಕೈ ಮೀರಿದ ಕಾರಣದಿಂದ ಕೆಲಸ ಹೋಗಿದ್ದರೆ ಬೀಳುವುದಿಲ್ಲ. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೂ 5 ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ.

ಪಿಂಚಣಿ ಭಾಗವನ್ನು ಮಾತ್ರ ಮುಟ್ಟಬೇಡಿ. ಮೇಲಿನ ಉದಾಹರಣೆಯ ಕಾರ್ಮಿಕನಿಗೆ 7 ವರ್ಷ 8 ತಿಂಗಳು ಆಗಿದೆ. ಇನ್ನು 2 ವರ್ಷ 4 ತಿಂಗಳು ಎಲ್ಲಾದರೂ ಪಿಎಫ್ ಇರುವ ಕಡೆ ದುಡಿದರೆ 10 ವರ್ಷ ತುಂಬಿ 58ನೇ ವಯಸ್ಸಿಗೆ ಪಿಂಚಣಿಯ ಹಕ್ಕು ಬರುತ್ತದೆ. ಹಣ ತೆಗೆಯುವ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದರೆ ಆ ಸೇವೆ ಲೆಕ್ಕದಲ್ಲಿ ಉಳಿಯುತ್ತದೆ.

ಮಾಲೀಕರು ಮಾತು ಕೇಳದಿದ್ದರೆ ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಂಧಾನಕ್ಕೆ ಅರ್ಜಿ ಕೊಡಿ. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಾಗಾಗಿ "ನೋಡೋಣ, ಕರೀತಾರೇನೋ" ಎಂದು ಕಾಯಬೇಡಿ. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಕೈಗಾರಿಕಾ ಕಾರ್ಮಿಕರು ಎಂಬ ಕಾರಣಕ್ಕೇ ನಿಮಗೆ ಉಚಿತ ವಕೀಲರ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಗುತ್ತಿಗೆದಾರರ ಮೂಲಕ ಬಂದವರಿಗೆ ಗುತ್ತಿಗೆದಾರ ಸಂಬಳ ಉಳಿಸಿಕೊಂಡು ಮಾಯವಾದರೆ ಅದನ್ನು ಕೊಡುವ ಹೊಣೆ ಮೂಲ ಮಾಲೀಕರದ್ದು. ಮ್ಯಾನೇಜರ್ ದರ್ಜೆಯವರಿಗೆ, ಮತ್ತು 18,000ಕ್ಕಿಂತ ಹೆಚ್ಚು ವೇತನದ ಸೂಪರ್‌ವೈಸರ್‌ಗಳಿಗೆ ರಿಟ್ರೆಂಚ್‌ಮೆಂಟ್ ಪರಿಹಾರದ ಅಧ್ಯಾಯ ಅನ್ವಯಿಸುವುದಿಲ್ಲ. ಅವರು ನೇಮಕ ಪತ್ರದ ನೋಟಿಸ್ ಷರತ್ತನ್ನು ನೋಡಿಕೊಳ್ಳಬೇಕು. ಎರಡು ದಿನದೊಳಗಿನ ಬಾಕಿ ವೇತನ, ಗ್ರಾಚ್ಯುಟಿ, ಪಿಎಫ್ ಮಾತ್ರ ಅವರಿಗೂ ಇದೆ.

ಯುವನಿಧಿ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅದು ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ಸಿಗದ ಹೊಸಬರಿಗೆ, ಕೆಲಸ ಕಳೆದುಕೊಂಡವರಿಗಲ್ಲ. ಹೊಸ ಕೆಲಸಕ್ಕೆ ಕೇಂದ್ರದ ಎನ್‌ಸಿಎಸ್ (ನ್ಯಾಷನಲ್ ಕರಿಯರ್ ಸರ್ವಿಸ್) ಪೋರ್ಟಲ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ನೋಂದಾಯಿಸಿ, ಎರಡೂ ಉಚಿತ. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರಿಗೆ ಪರಿಹಾರದ ಹಣದಿಂದ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲದ ಕಂತು ಇದ್ದರೆ ಒಂದೂ ಕಂತು ತಪ್ಪುವ ಮೊದಲೇ ರಿಟ್ರೆಂಚ್‌ಮೆಂಟ್ ಪತ್ರ ಹಿಡಿದು ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಣೆ ಕೇಳಿ.

ಮಾಲೀಕರಿಗೆ ಇನ್ನೊಂದು ಹೊಣೆ ಬಾಕಿ ಇದೆ. ಒಂದು ವರ್ಷದೊಳಗೆ ನೀವು ಮತ್ತೆ ಜನ ತೆಗೆದುಕೊಳ್ಳುವುದಾದರೆ, ರಿಟ್ರೆಂಚ್ ಆದವರಿಗೆ ಮೊದಲು ಅವಕಾಶ ಕೊಡಬೇಕು. ಹೊಸಬರಿಗಿಂತ ಅವರಿಗೇ ಆದ್ಯತೆ. ಆದ್ದರಿಂದ ಆ 20 ಜನರ ಈಗಿನ ವಿಳಾಸ ಮತ್ತು ಫೋನ್ ಸಂಖ್ಯೆ, ಊರಿಗೆ ಮರಳುವವರಾದರೆ ಊರಿನ ವಿಳಾಸವನ್ನೂ ಕೊನೆಯ ದಿನ ಬರೆಸಿಟ್ಟುಕೊಳ್ಳಿ. ಆರ್ಡರ್ ಬಂದಾಗ ಸೂಚನಾ ಫಲಕಕ್ಕೆ ಅಂಟಿಸಿ ಸುಮ್ಮನಾಗದೆ ಪ್ರತಿಯೊಬ್ಬರಿಗೂ ಪತ್ರ ಕಳಿಸಿ, ಕಳಿಸಿದ ರಸೀದಿಯನ್ನು ಜ್ಯೇಷ್ಠತಾ ಪಟ್ಟಿಯ ಜೊತೆಗೇ ಫೈಲಿನಲ್ಲಿಡಿ.